ಪಾಲಿಕೆಯಲ್ಲಿ ನಗರ ಯೋಜನಾ ಮುಖ್ಯಸ್ಥನ ಕೆಲಸ, ಗುತ್ತಿಗೆ ಮೇಲೆ, ಸಂಬಳ ಕಡಿಮೆ: ಎಷ್ಟಕ್ಕೆ ಒಪ್ಪಿಕೊಳ್ಳಬಹುದು?

ಪ್ಲಾನಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ಕನ್ಸಲ್ಟೆನ್ಸಿಯಲ್ಲಿ ಹತ್ತು ವರ್ಷದ ಮೇಲೆ ಅನುಭವ, ಈಗ ಪಾಲಿಕೆಯಿಂದ ಕರೆ. ಸಂಬಳ ಮೂರನೇ ಒಂದು ಭಾಗ ಕಮ್ಮಿ. ನಿಮ್ಮ ಪ್ರಶ್ನೆ ಓದುವಾಗ ನನ್ನ ಹಳೇ ಬಯೋಡೇಟಾ ಓದಿದ ಹಾಗಾಯಿತು. ಎಷ್ಟಕ್ಕೆ ಒಪ್ಪಿಕೊಳ್ಳಬಹುದು ಅಂತ ಕೇಳಿದ್ದೀರಿ. ನಾನೂ ಅದನ್ನೇ ಕೇಳಿದ್ದೆ. ಕೇಳಿದಷ್ಟು ಕೊಟ್ಟರು ಕೂಡ. ಕೆಟ್ಟಿದ್ದು ಅಲ್ಲೇ.

ಸ್ಮಾರ್ಟ್ ಸಿಟಿ ಕಾಲ ಅದು. 2015ರಲ್ಲಿ ಮಿಷನ್ ಶುರುವಾಗಿ ನಮ್ಮ ರಾಜ್ಯದ ಏಳು ನಗರಗಳು ಪಟ್ಟಿಗೆ ಸೇರಿದ ಮೇಲೆ ಪ್ಲಾನರ್‌ಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನಾನು ಸೇರಿದ್ದು ಒಂದು ಮಹಾನಗರ ಪಾಲಿಕೆಗೆ. ಊರಿನ ಹೆಸರು ಬೇಡ. ಆಯುಕ್ತರು ಒಳ್ಳೆಯ ಮನುಷ್ಯ. ಎದುರಿಗೆ ಕೂರಿಸಿಕೊಂಡು ಎರಡು ದಾರಿ ಹೇಳಿದರು. ನಗರ ಯೋಜನಾ ಶಾಖೆಯಲ್ಲಿ ಮಂಜೂರಾದ ಹುದ್ದೆಯೊಂದು ಖಾಲಿ ಇದೆ, ಅದರ ಎದುರು ಗುತ್ತಿಗೆ ಮೇಲೆ ತೆಗೆದುಕೊಳ್ಳಬಹುದು, ಆದರೆ ಆ ಹುದ್ದೆಯ ಮೂಲ ವೇತನದ ಮೇಲೆ ಒಂದು ರೂಪಾಯಿ ಹಾಕೋಕಾಗಲ್ಲ. ಇಲ್ಲವಾದರೆ ಪ್ರಾಜೆಕ್ಟ್ ಹಣದಲ್ಲಿ 'ನಗರ ಯೋಜನಾ ಪರಿಣತ' ಅಂತ ನೇಮಿಸಬಹುದು, ಅಲ್ಲಿ ಸ್ವಲ್ಪ ಕೈ ಬಿಚ್ಚಬಹುದು.

ಮನೆಗೆ ಬಂದು ಎಕ್ಸೆಲ್ ಶೀಟ್ ಮಾಡಿದೆ. ಬಾಡಿಗೆ, ಮಗಳ ಫೀಸು, ಸಾಲದ ಕಂತು. ಪರಿಣತನಿಗೆ ಕೊಡೋದು ಸಂಬಳ ಅಲ್ಲ, ಸಂಭಾವನೆ. ಅಲ್ಲೇ ಹತ್ತು ಪರ್ಸೆಂಟ್ ಟಿಡಿಎಸ್ ಕಟ್, ಪಿಎಫ್ ಇಲ್ಲ, ತುಟ್ಟಿಭತ್ಯೆ ಇಲ್ಲ. ಅದನ್ನೆಲ್ಲ ಕಳೆದರೂ ಎರಡನೇ ದಾರಿಯೇ ಲಾಭ ಅನ್ನಿಸಿತು. ಹಿಡಿದೆ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನಿಂದ ಬರುವವರಿಗೆ ಇದು ತಪ್ಪು ಅಂತಲೇ ಗೊತ್ತಾಗುವುದಿಲ್ಲ. ಆ ಶೀಟಿನಲ್ಲಿ ಇಲ್ಲದ ಕಾಲಂ ಒಂದೇ: ಕಡತದ ಟಿಪ್ಪಣಿಯಲ್ಲಿ ನಾನು ಬರೆಯಬಹುದಾ? ಪಾಲಿಕೆಯಲ್ಲಿ ಕಡತ ಹೇಗೆ ನಡೆಯುತ್ತದೆ ನೋಡಿ. ಕೇಸ್ ವರ್ಕರ್ ಟಿಪ್ಪಣಿ ಶುರು ಮಾಡುತ್ತಾರೆ. ಅದರ ಕೆಳಗೆ ಎಡಿಟಿಪಿ, ಅಂದರೆ ನಗರ ಯೋಜನೆಯ ಸಹಾಯಕ ನಿರ್ದೇಶಕರು ಬರೆಯುತ್ತಾರೆ, ಅಲ್ಲಿಂದ ಜೆಡಿಟಿಪಿ, ಅಂದರೆ ಜಂಟಿ ನಿರ್ದೇಶಕರು, ಕೊನೆಗೆ ಆಯುಕ್ತರು. ಒಬ್ಬೊಬ್ಬರದೂ ಒಂದು ಪ್ಯಾರಾ, ಕೆಳಗೆ ಸಹಿ. ಕಚೇರಿಗೆ ನೆನಪಿರೋದು ಆ ಪ್ಯಾರಾಗಳು ಮಾತ್ರ. ಹಿಂದೆ ಲಗತ್ತಿಸಿದ ಕಾಗದಗಳನ್ನು ಕೋರ್ಟಿನಿಂದ ನೋಟಿಸ್ ಬಂದಾಗಷ್ಟೇ ಬಿಚ್ಚುತ್ತಾರೆ. ಮಂಜೂರಾದ ಹುದ್ದೆಯಲ್ಲಿ ಕೂತಿದ್ದರೆ, ಗುತ್ತಿಗೆಯೇ ಆಗಲಿ, ಕಡತ ನನ್ನ ಟೇಬಲ್ ದಾಟಿಯೇ ಮೇಲೆ ಹೋಗಬೇಕಿತ್ತು. 'ಪರಿಣತ' ಆ ಸಾಲಿನಲ್ಲೇ ಇಲ್ಲ. ಇ-ಆಫೀಸ್ ಲಾಗಿನ್ ಕೂಡ ಕೊಡಲಿಲ್ಲ. ಮದುವೆ ಮನೆಯ ಫೋಟೋಗ್ರಾಫರ್ ತರಹ ಇದ್ದೆ: ಎಲ್ಲಿ ಬೇಕಾದರೂ ಓಡಾಡಬಹುದು, ಮುಹೂರ್ತದ ಬಗ್ಗೆ ಮಾತಾಡೋ ಹಾಗಿಲ್ಲ.

ಒಂದು ವಾಣಿಜ್ಯ ಕಟ್ಟಡದ ನಕ್ಷೆ ಮಂಜೂರಾತಿಗೆ ಬಂತು. ನಕ್ಷೆಯಲ್ಲಿ ಮುಂದಿನ ರಸ್ತೆ 12 ಮೀಟರ್. ರಸ್ತೆ ಅಗಲದ ಮೇಲೆ ಎಫ್ಎಆರ್ ನಿಂತಿರುತ್ತದೆ, ಅಂದರೆ ಎಷ್ಟು ಕಟ್ಟಬಹುದು ಅನ್ನೋದು. ನನಗೆ ಅನುಮಾನ ಬಂತು. ದಿನಾ ಓಡಾಡೋ ರಸ್ತೆ, ಎರಡು ಆಟೋ ಎದುರಾದರೆ ಬೈಕಿನವರು ನಿಲ್ಲಬೇಕು. ಹೆಲ್ಪರ್ ಹುಡುಗನನ್ನು ಕರೆದುಕೊಂಡು ಟೇಪ್ ಹಿಡಿದು ಹೋದೆ. ಒಂದು ತುದಿಯನ್ನು ಅವನು ಬೇಕರಿ ಮೆಟ್ಟಿಲಿಗೆ ಒತ್ತಿ ಹಿಡಿದ, ಇನ್ನೊಂದು ತುದಿ ನಾನು ಎದುರಿನ ಕಾಂಪೌಂಡಿಗೆ. ಚರಂಡಿ ಸೇರಿಸಿ 9 ಮೀಟರ್ ಚಿಲ್ಲರೆ. ಬೇಕರಿಯವರು 'ಅಗಲ ಮಾಡ್ತೀರಾ ಸಾರ್?' ಅಂತ ಗಾಬರಿಯಾಗಿ ಹೊರಗೆ ಬಂದರು. ಟೇಪಿನ ಫೋಟೋ, ಸ್ಕೆಚ್, ನಿಯಮದ ಕಲಂ ಎಲ್ಲ ಹಾಕಿ ವರದಿ ಬರೆದು ಶಾಖೆಗೆ ಕೊಟ್ಟೆ.

ವರದಿಯನ್ನು ದಾರ ಕಟ್ಟಿ ಕಡತದ ಹಿಂದೆ ಸೇರಿಸಿದರು. ಟಿಪ್ಪಣಿಯಲ್ಲಿ ಬಂದ ಸಾಲು: 'ಸ್ಥಳ ಪರಿಶೀಲಿಸಲಾಗಿದೆ. ಪ್ರಸ್ತಾವನೆ ನಿಯಮಾನುಸಾರ ಇರುವುದರಿಂದ ಅನುಮೋದನೆಗೆ ಮಂಡಿಸಿದೆ.' ಸ್ಥಳ ಪರಿಶೀಲಿಸಿದ್ದು ನಾನು! ಆ ಸಾಲನ್ನು ನಂಬಿ ಆಯುಕ್ತರು ಸಹಿ ಹಾಕಿದರು.

ಮುಂದೆ ದೂರು ಬಂತು. ಅಷ್ಟರಲ್ಲಿ ಆಯುಕ್ತರು ವರ್ಗವಾಗಿದ್ದರು. ಹೊಸಬರು ಕಡತ ತರಿಸಿ ಟಿಪ್ಪಣಿ ಓದಿದರು. ಯೋಜನಾ ಪರಿಣತರು ಇದ್ದೂ ಯಾಕೆ ಆಕ್ಷೇಪ ಇಲ್ಲ ಅಂತ ಕೇಳಿದರು. ಹಿಂದಿನ ಲಗತ್ತು ನೋಡಿ ಸಾರ್ ಅಂದೆ. ವರದಿಯ ಮೇಲೆ ಸ್ವೀಕೃತಿ ಮುದ್ರೆ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಆಮೇಲೆ ತಂದು ಸೇರಿಸಿದ್ದಲ್ಲ ಅಂತ ಹೇಗೆ ನಂಬೋದು ಅಂದರು. ಅವರದೇನೂ ತಪ್ಪಿಲ್ಲ, ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ವರ್ಷದ ಕೊನೆಗೆ ಗುತ್ತಿಗೆ ಮುಂದುವರಿಸಲಿಲ್ಲ. ಸಹಿ ಹಾಕಿದವರಿಗೆ ಒಂದು ನೋಟಿಸ್ ಬಂತು, ಸಮಜಾಯಿಷಿ ಕೊಟ್ಟು ಸುಮ್ಮನಾದರು.

ಸಂಬಳ ಚೆನ್ನಾಗಿ ಕೊಟ್ಟರೆ ಒಳ್ಳೆ ಪ್ಲಾನರ್‌ಗಳು ಬರುತ್ತಾರೆ, ಊರು ಸರಿಹೋಗುತ್ತದೆ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನೀತಿ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಓದಿ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಪ್ಲಾನರ್ ಹುದ್ದೆ ಬೇಕು, ಮಂಜೂರಾಗಿರುವುದು 4,000ಕ್ಕೂ ಕಡಿಮೆ, ಅದರಲ್ಲೂ ಅರ್ಧದ ಹತ್ತಿರ ಖಾಲಿ. ಜಾಸ್ತಿ ಬೇಜಾರಾಗೋದು ಇನ್ನೊಂದು ಮಾತು: ಎಷ್ಟೋ ರಾಜ್ಯಗಳಲ್ಲಿ ಈ ಹುದ್ದೆಗೆ ಪ್ಲಾನಿಂಗ್ ಓದಿರಲೇಬೇಕು ಅನ್ನೋ ನಿಯಮವೇ ಇಲ್ಲ. ಹುದ್ದೆ ಸೃಷ್ಟಿಸದೆ, ವೃಂದ ಮತ್ತು ನೇಮಕಾತಿ ನಿಯಮ ತಿದ್ದದೆ, ನಾಲ್ಕು ಜನ ಪರಿಣತರಿಗೆ ದಪ್ಪ ಸಂಭಾವನೆ ಕೊಟ್ಟು ಏನು ಪ್ರಯೋಜನ? ಇಪ್ಪತ್ತು ವರ್ಷ ಸರ್ವಿಸ್ ಆದ ಎಡಿಟಿಪಿ ನಿಮ್ಮ ಬಿಲ್ ಮೊತ್ತ ನೋಡುತ್ತಾರೆ. ಆ ಬಿಲ್ ಅವರ ಕಚೇರಿಯಿಂದಲೇ ಪಾಸಾಗಬೇಕು. ಅವತ್ತಿನಿಂದ ನಿಮ್ಮ ವರದಿಗಳೆಲ್ಲ ಹಿಂದಿನ ಲಗತ್ತೇ.

ಕೆಲವು ವರ್ಷ ಚೆನ್ನಾಗಿ ಮಾಡಿದರೆ ಕಾಯಂ ಆಗಬಹುದು ಅನ್ನೋ ನಿಮ್ಮ ಆಸೆಯನ್ನು ಇವತ್ತೇ ಬಿಡಿ. ಉಮಾದೇವಿ ಪ್ರಕರಣದ ಹೆಸರು ಪಾಲಿಕೆಯಲ್ಲಿ ಯಾರನ್ನು ಕೇಳಿದರೂ ಗೊತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ನಮ್ಮ ರಾಜ್ಯದಿಂದಲೇ ಹೋದ ಕೇಸು. ಗುತ್ತಿಗೆ ನೌಕರರು ಕಾಯಮಾತಿಯನ್ನು ಹಕ್ಕು ಅಂತ ಕೇಳುವಂತಿಲ್ಲ. ನೇರ ನೇಮಕಾತಿಗೆ ವಯಸ್ಸು ಮೀರಿದೆ ಅಂತ ನೀವೇ ಹೇಳಿದ್ದೀರಿ.

'ಮುಖ್ಯಸ್ಥ' ಅನ್ನೋ ಪದಕ್ಕೂ ಮರುಳಾಗಬೇಡಿ. ನಗರಾಡಳಿತಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ ಇರೋ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಯೋಜನೆಯೇ ಮೊದಲ ಬಾಬ್ತು, ನಿಜ. ಆದರೆ ನಮ್ಮಲ್ಲಿ ಮಾಸ್ಟರ್ ಪ್ಲಾನ್ ಮಾಡೋದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರ, ಪಾಲಿಕೆ ಅಲ್ಲ. ಬೆಂಗಳೂರಿನಲ್ಲಿ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು ಐದು ಪಾಲಿಕೆಗಳಾದರೂ ಯೋಜನೆಯ ಹೊಣೆ ಅವುಗಳ ಮೇಲಿನ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೈಯಲ್ಲೇ ಇದೆ. ಪಾಲಿಕೆಯ ಯೋಜನಾ ಶಾಖೆಗೆ ಉಳಿಯೋದು ಬಹುಪಾಲು ಕಟ್ಟಡ ನಕ್ಷೆ ಮಂಜೂರಾತಿ. ನೀವು ಕನಸು ಕಾಣುತ್ತಿರೋ ಬಸ್ ದಾರಿ, ಮಾರುಕಟ್ಟೆ, ಕೆರೆಯಂಗಳ ಎಲ್ಲ ಬೇರೆಯವರ ಕಡತದಲ್ಲಿ ಇರುತ್ತವೆ.

ಆದರೂ ಹೋಗಬೇಕು ಅನ್ನಿಸಿದರೆ ಹೋಗಿ. ಹೇಳಿದ ಸಂಬಳಕ್ಕೆ ಒಪ್ಪಿಕೊಳ್ಳಿ, ಅಲ್ಲಿ ಚೌಕಾಸಿ ಬೇಡ. ಚೌಕಾಸಿಯೆಲ್ಲ ಆದೇಶದ ಒಕ್ಕಣೆ ಮೇಲೆ ಮಾಡಿ. ಮಂಜೂರಾದ ಹುದ್ದೆಯ ಎದುರೇ ನೇಮಕ ಆಗಬೇಕು. ಇಂತಿಂಥ ಕಡತಗಳು ನಿಮ್ಮ ಮೂಲಕವೇ ಮಂಡನೆಯಾಗಬೇಕು ಅಂತ ಕಾರ್ಯಹಂಚಿಕೆ ಆದೇಶದಲ್ಲಿ ಬರಬೇಕು. ಆಯುಕ್ತರ ಬಾಯಿಮಾತು ಅವರ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಇ-ಆಫೀಸ್ ಲಾಗಿನ್ ಸೇರಿದ ದಿನವೇ ಸಿಗಬೇಕು. ಒಬ್ಬ ಸರ್ವೇಯರ್, ಒಬ್ಬ ನಕ್ಷೆಗಾರ ನಿಮ್ಮ ಕೈಕೆಳಗೆ ಇರಲೇಬೇಕು, ಇಲ್ಲದಿದ್ದರೆ ಟೇಪ್ ಹಿಡಿಯೋದೂ ನೀವೇ. ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಅಂತಲೂ ಕೇಳಿ. ಪ್ರಾಜೆಕ್ಟ್ ಹಣ ಆದರೆ ಪ್ರಾಜೆಕ್ಟ್ ಮುಗಿದ ದಿನ ನೀವೂ ಮುಗಿದಿರಿ. 2025ರ ಮಾರ್ಚ್ 31ಕ್ಕೆ ಸ್ಮಾರ್ಟ್ ಸಿಟಿ ಮಿಷನ್ ಮುಗಿದಾಗ ನನ್ನ ಹಳೇ ಸಹೋದ್ಯೋಗಿಗಳು ಬಯೋಡೇಟಾ ಹಿಡಿದು ಫೋನ್ ಮಾಡಿದ್ದರು.

ಇಷ್ಟನ್ನೂ ಬರವಣಿಗೆಯಲ್ಲಿ ಕೊಡಲ್ಲ ಅಂದರೆ ಕನ್ಸಲ್ಟೆನ್ಸಿಯಲ್ಲೇ ಇರಿ, ಯಾವುದಾದರೂ ಪ್ರಾಧಿಕಾರದ ಮಾಸ್ಟರ್ ಪ್ಲಾನ್ ಟೆಂಡರ್ ಹಾಕಿ. ಟೆಂಡರ್ ಕೆಲಸದಲ್ಲಿ ನೀವು ಕೊಟ್ಟ ವರದಿಗೆ ಮುದ್ರೆ ಒತ್ತಿ, ದಿನಾಂಕ ಹಾಕಿ ಸ್ವೀಕೃತಿ ಕೊಡುತ್ತಾರೆ. ಬಿಲ್ ಆಗೋದೇ ಅದರ ಮೇಲೆ ಅಲ್ವಾ.