ನೆಬ್ರಾಸ್ಕಾಕ್ಕೆ ವಲಸೆ ಬಂದವಳ ದಿನಚರಿ: ಮೊದಲು ಲೆಕ್ಕದ ಪುಸ್ತಕ, ಆಮೇಲೆ ಕಥೆ

ನೀವು ಹಾಕಿದ ಕಥೆಯ ಮೂರು ಪುಟ ಓದಿದೆ. 1873ರ ಮಾರ್ಚ್‌ನಲ್ಲಿ ಸ್ವೀಡನ್‌ನಿಂದ ಬಂದ ದಂಪತಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಡುಭಾಗದಲ್ಲಿ 160 ಎಕರೆ ಹಿಡಿದು ನೆಲೆಯೂರುವುದು, ಅದೂ ಹೆಂಡತಿಯ ದಿನಚರಿಯಾಗಿ. "ನಂಬುವ ಹಾಗಿದೆಯಾ?" ಅಂತ ಕೇಳಿದ್ದೀರಿ. ದನಿ ಚೆನ್ನಾಗಿ ಹಿಡಿದಿದ್ದೀರಿ. ಕೈಕೊಡುವುದು ವಸ್ತುಗಳು: ಮರದ ದಿಮ್ಮಿಯ ಮನೆ, ಮುಳ್ಳುತಂತಿ ಬೇಲಿ, ಮೊದಲ ಬೇಸಿಗೆಯಲ್ಲೇ ಐವತ್ತು ಎಕರೆ ಗೋಧಿ. ಆ ಬಯಲಿನಲ್ಲಿ ಮರ ಸಿಗುವುದೇ ಹೊಳೆದಂಡೆಯಲ್ಲಿ, ಅದೂ ಅಲ್ಪಸ್ವಲ್ಪ. ಜೋಸೆಫ್ ಗ್ಲಿಡನ್ ಎಂಬವನ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿದ್ದು 1874ರ ನವೆಂಬರ್‌ನಲ್ಲಿ, ಅದು ರೈತರ ಕೈಗೆ ಬಂದದ್ದು ಇನ್ನೂ ಆಮೇಲೆ. ಅಲ್ಲಿಯವರೆಗೆ ದನ ಕಟ್ಟಿಹಾಕಬೇಕು, ಇಲ್ಲವೇ ಮಕ್ಕಳು ಕಾಯಬೇಕು. ಐವತ್ತು ಎಕರೆಯ ಮಾತಂತೂ ಬೇಡ. ಆ ಹುಲ್ಲಿನ ಬೇರು ಎಷ್ಟು ಬಿಗಿ ಅಂದರೆ ಒಳ್ಳೆ ಎತ್ತಿನ ಜೋಡಿ ಇದ್ದರೂ ದಿನಕ್ಕೆ ಒಂದೆರಡು ಎಕರೆ ಒಡೆದರೆ ಹೆಚ್ಚು. ಮೊದಲ ವರ್ಷ ಹತ್ತು ಎಕರೆ ಬರೆಯಿರಿ, ಸಾಕು. ಅದರಲ್ಲೂ ಗೋಧಿ ಬೇಡ. ಮಗುಚಿದ ಹೆಂಟೆಯಲ್ಲಿ ಕೊಡಲಿಯಿಂದ ಸೀಳು ಮಾಡಿ, ಮೆಕ್ಕೆಜೋಳದ ಕಾಳು ಹಾಕಿ, ಕಾಲಲ್ಲಿ ಒತ್ತುತ್ತಿದ್ದರು. ಆ ಕೆಲಸ ನಿಮ್ಮ ಕಥಾನಾಯಕಿಯದೇ.

ಹಾಗಾಗಿ ಮುಂದೆ ಬರೆಯುವ ಮೊದಲು ಆ ಮನೆಯ ಲೆಕ್ಕದ ಪುಸ್ತಕ ಮಾಡಿಕೊಳ್ಳಿ. ಕೈಯಲ್ಲಿ ಎಷ್ಟು ಡಾಲರ್ ಇದೆ, ಹಿಟ್ಟು ಎಷ್ಟು ಉಳಿದಿದೆ, ಉರುವಲು ಏನು, ನೀರು ಎಷ್ಟು ದೂರ ಅಂತ ತಿಂಗಳಿಗೊಂದು ಪುಟ. ಯಾವ ದಿನ ಏನು ಬರೆಯಬೇಕು ಅನ್ನುವುದು ಅದರಿಂದಲೇ ಹುಟ್ಟುತ್ತದೆ.

ಜಮೀನಿನ ಪುಟ ಹೀಗೆ. ನೆಲೆಯೂರುವವರಿಗೆ ಸರ್ಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಮದುವೆಯಾಗಿ ಗಂಡನ ಜೊತೆಗಿರುವ ಹೆಂಗಸು ತನ್ನ ಹೆಸರಿಗೆ ಅರ್ಜಿ ಹಾಕುವಂತಿಲ್ಲ. 21 ದಾಟಿದ ಅವಿವಾಹಿತೆ, ವಿಧವೆ ಹಾಕಬಹುದು. ಗಂಡ ವಿದೇಶಿಯಾದ್ದರಿಂದ ಪೌರನಾಗುವ ಇಚ್ಛೆಯನ್ನು ಮೊದಲೇ ಬರೆದುಕೊಟ್ಟಿರಬೇಕು. ಶುಲ್ಕ ಎಲ್ಲ ಸೇರಿ ಸುಮಾರು 18 ಡಾಲರ್, ಬಹುಪಾಲು ಮೊದಲೇ ಕಟ್ಟಬೇಕು. ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು, ಕೊನೆಗೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ರುಜುವಾತು ಮಾಡಬೇಕು. ಆರು ತಿಂಗಳಿಗಿಂತ ಹೆಚ್ಚು ಜಾಗ ಬಿಟ್ಟರೆ ಹಕ್ಕು ಹೋಯಿತು. ಈ ಆರು ತಿಂಗಳ ಗಡುವು ನಿಮ್ಮ ಕಥೆಗೆ ಚಿನ್ನದಂಥದ್ದು. ಗಂಡ ಕೂಲಿಗೆ ರೈಲ್ವೆ ಕಡೆ ಹೋದಾಗ ಅವಳು ಆ ಚಳಿಯಲ್ಲಿ ಒಬ್ಬಳೇ ಏಕೆ ಉಳಿದಳು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ಮನೆ. ಬಂದ ಕೂಡಲೇ ಹಳ್ಳದ ದಡ ಕೊರೆದು ಗುಹೆಯಂಥ ಬಿಲದಲ್ಲಿ ಇರಿಸಿ. ಹೆಂಟೆಮನೆ, ಅಂದರೆ ಹುಲ್ಲುಬೇರಿನ ಸಮೇತ ಎಬ್ಬಿಸಿದ ಮಣ್ಣಿನ ತುಂಡುಗಳ ಮನೆ, ಕಟ್ಟುವುದು ಹುಲ್ಲು ಹಸಿರಾಗಿ ನೆಲ ಒದ್ದೆಯಿದ್ದಾಗ, ಅಂದರೆ ಮೇ ಹೊತ್ತಿಗೆ. ವಿಶೇಷ ನೇಗಿಲಿನಿಂದ ಒಂದು ಅಡಿ ಅಗಲ, ಮೂರು ನಾಲ್ಕು ಅಂಗುಲ ದಪ್ಪದ ಪಟ್ಟಿ ಎಬ್ಬಿಸಿ, ಸನಿಕೆಯಿಂದ ಎರಡು ಮೂರಡಿ ಉದ್ದಕ್ಕೆ ಕತ್ತರಿಸುತ್ತಾರೆ. ಒಂದೊಂದೂ ಇಪ್ಪತ್ತು ಕೆಜಿಗೆ ಕಡಿಮೆಯಿಲ್ಲ. ಆ ದಿನಕ್ಕೆ ಬೇಕಾದಷ್ಟೇ ಕತ್ತರಿಸಬೇಕು, ಒಣಗಿದರೆ ಪುಡಿಯಾಗುತ್ತದೆ. ಹುಲ್ಲಿನ ಮುಖ ಕೆಳಗೆ ಮಾಡಿ ಇಡಬೇಕು, ಸಂದಿ ಮೇಲೆ ಸಂದಿ ಬರಬಾರದು, ಮೂರು ನಾಲ್ಕು ವರಸೆಗೊಮ್ಮೆ ಅಡ್ಡಡ್ಡ ಇಟ್ಟು ಗೋಡೆ ಬಿಗಿಯಬೇಕು. 16ಕ್ಕೆ 20 ಅಡಿಯ ಮನೆಗೆ ಸುಮಾರು ಮೂರು ಸಾವಿರ ಹೆಂಟೆ ಬೇಕು, ಗೋಡೆ ಎರಡು ಮೂರಡಿ ದಪ್ಪ. ಕಿಟಕಿ ಚೌಕಟ್ಟಿನ ಮೇಲೆ ಸ್ವಲ್ಪ ಸಂದು ಬಿಟ್ಟು ಹುಲ್ಲು, ಚಿಂದಿ ತುರುಕುತ್ತಾರೆ. ಗೋಡೆ ತಿಂಗಳುಗಟ್ಟಲೆ ಕುಸಿದು ಕೂರುತ್ತದೆ, ಸಂದು ಬಿಡದಿದ್ದರೆ ಗಾಜು ಒಡೆಯುತ್ತದೆ. ನಿಮ್ಮ ಎರಡನೇ ಪುಟದಲ್ಲಿ ಗಾಜು ಒಡೆಯುವ ಪ್ರಸಂಗ ಇದೆಯಲ್ಲ, ಆಲಿಕಲ್ಲಿನ ಬದಲು ಈ ಕಾರಣ ಕೊಟ್ಟರೆ ಓದುಗರಿಗೆ ಆ ಮನೆಯೇ ಕಾಣುತ್ತದೆ.

ಚಾವಣಿಯೂ ಮಣ್ಣೇ. ಮಳೆ ಬಂದರೆ ಸೋರುತ್ತದೆ, ಮಳೆ ನಿಂತ ಮೇಲೂ ಒಂದೆರಡು ದಿನ ತೊಟ್ಟಿಕ್ಕುತ್ತದೆ. ಕೆಳಗೆ ತೆಳು ಬಟ್ಟೆ ಕಟ್ಟಿದರೆ ಮಣ್ಣು, ಇಲಿ, ಹಾವು ತಟ್ಟೆಗೆ ಬೀಳುವುದು ತಪ್ಪುತ್ತದೆ. ಉರುವಲಿಗೆ ದನದ ಒಣ ಸಗಣಿ, ಮೆಕ್ಕೆಜೋಳದ ದಿಂಡು, ಹೊಸೆದ ಒಣಹುಲ್ಲಿನ ಕಟ್ಟು. ಹುಲ್ಲಿನ ಕಟ್ಟು ಬೇಗ ಉರಿದು ಹೋಗುವುದರಿಂದ ಒಲೆ ಮುಂದೆ ಒಬ್ಬರು ಕೂತಿರಲೇಬೇಕು. ರೊಟ್ಟಿ ಬೇಯಿಸುತ್ತಾ ಹೊರಗೆ ಹೋಗಿ ಹೂ ನೋಡುತ್ತಾಳೆ ಅಂತ ಬರೆದಿದ್ದೀರಿ. ಅದು ಆಗದು. ಕಾಫಿ ಮುಗಿದರೆ ಹುರಿದ ರೈ ಎಂಬ ಧಾನ್ಯ ಅಥವಾ ಗೋಧಿ.

ಕ್ಯಾಲೆಂಡರ್‌ಗೆ ಸುಲಭದ ದಾರಿ ಇದೆ. 1873ರ ವಾರಗಳು 2014ರಂತೆ, 1874ರವು 2015ರಂತೆ. 1873ರ ಈಸ್ಟರ್ ಮಾತ್ರ 2014ರದಕ್ಕೆ ಹೊಂದುವುದಿಲ್ಲ. ಅದು ಏಪ್ರಿಲ್ 13. ಅವತ್ತೇ ನೆಬ್ರಾಸ್ಕಾದಲ್ಲಿ ಮೂರು ದಿನದ ಹಿಮಬಿರುಗಾಳಿ ಎದ್ದಿತು. ನಿಮ್ಮ ದಂಪತಿ ಆಗ ಬಿಲದಲ್ಲೇ ಇರುತ್ತಾರೆ, ಎತ್ತುಗಳನ್ನೂ ಒಳಗೇ ಎಳೆದುಕೊಳ್ಳಬೇಕಾಗುತ್ತದೆ. ನಿಮ್ಮ ಏಪ್ರಿಲ್‌ನಲ್ಲಿ ಬರೀ ಹಕ್ಕಿ, ಬಿಸಿಲು ಇದೆ. "5:40ಕ್ಕೆ ಎದ್ದೆ" ಕೂಡ ತೆಗೆಯಿರಿ. ರೈಲ್ವೆಗಳು ಗಡಿಯಾರಗಳನ್ನು ಹೊಂದಿಸಿದ್ದೇ 1883ರ ನವೆಂಬರ್ 18ಕ್ಕೆ, ಅವಳಿಗೆ ಸೂರ್ಯ ಸಾಕು.

ಅವಳಿಗೆ ಅಂದಿನ ಸಂಜೆಯವರೆಗಿನದು ಮಾತ್ರ ಗೊತ್ತು. 1873ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಬ್ಯಾಂಕುಗಳು ಮುಳುಗಿದ್ದು ಅವಳ ಪುಟಕ್ಕೆ "ಅಂಗಡಿಯವನು ಇನ್ನು ಸಾಲ ಇಲ್ಲ ಅಂದ" ಅಂತಷ್ಟೇ ಬರಬೇಕು. 1874ರ ಜುಲೈ ಕೊನೆಯ ಮಿಡತೆ ದಾಳಿಗೆ ನೀವು ಇಟ್ಟುಕೊಂಡಿರುವ ಎರಡು ಪುಟದ ವರ್ಣನೆಯ ಬದಲು ಹೀಗೆ ಪ್ರಯತ್ನಿಸಿ:

"ಸೋಮವಾರ. ಮಧ್ಯಾಹ್ನ ಬಿಸಿಲು ಮಂಕಾಯಿತು, ಮಳೆಮೋಡ ಅಂದುಕೊಂಡೆವು. ಮಿಡತೆ. ತರಕಾರಿ ಮಡಿಗೆ ಕೌದಿ ಹೊದಿಸಿದೆ, ಕೌದಿಯನ್ನೂ ತಿಂದವು.
ಮಂಗಳವಾರ. ಜೋಳ ಹೋಯಿತು. ಈರುಳ್ಳಿ ಇದ್ದಲ್ಲಿ ಬರೀ ತೂತು. ಬಾವಿ ಮುಚ್ಚಿದೆವು.
ಬುಧವಾರ. ಅಮ್ಮನಿಗೆ ಕಾಗದ ಬರೆದೆ. ಇದನ್ನು ಬರೆಯಲಿಲ್ಲ."

ಬೆವರಿನ ಉಪ್ಪಿಗೆ ಸಲಿಕೆ ಹಿಡಿಯನ್ನೂ ಕಡಿದಿದ್ದವು; ಅದನ್ನು ವಾರ ಬಿಟ್ಟು ಇನ್ನೊಂದು ಸಾಲಿನಲ್ಲಿ ತನ್ನಿ. ಅವು ಇಟ್ಟ ಮೊಟ್ಟೆ ಮುಂದಿನ ವಸಂತದಲ್ಲಿ ಒಡೆಯುತ್ತವೆ, ಹಾಗಾಗಿ 1875ರ ಬಿತ್ತನೆಯಲ್ಲೂ ಭಯ ಇರಬೇಕು. ಕೊಯ್ಲಿನ ದಿನಗಳಲ್ಲಿ ಪುಟ ಖಾಲಿ ಬಿಡಿ. ಬಸುರಿಯಾದದ್ದನ್ನು ಅವಳು ನೇರವಾಗಿ ಬರೆಯುವುದಿಲ್ಲ, "ಮೈ ಸರಿಯಿಲ್ಲ" ಅನ್ನುತ್ತಾಳೆ. ಚಳಿಗಾಲದಲ್ಲಿ ಶಾಯಿ ಹೆಪ್ಪುಗಟ್ಟುತ್ತದೆ, ಪೆನ್ಸಿಲ್ ಕೊಡಿ.

ಒಂದು ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಆಕ್ಷೇಪಣೆ: "ಯಾರೂ ಕಾಲಿಡದ ನೆಲ" ಅನ್ನುವ ಸಾಲು. ಅದು ಪಾನಿ (Pawnee) ಎಂಬ ಮೂಲನಿವಾಸಿ ಜನರ ನಾಡು. ಲೂಪ್ ನದಿಯ ದಂಡೆಯಲ್ಲಿ ಅವರು ಮೆಕ್ಕೆಜೋಳ ಬೆಳೆದು, ಕಾಡೆಮ್ಮೆ ಬೇಟೆಗೆ ಹೋಗುತ್ತಿದ್ದರು. ನಿಮ್ಮ ಕಥೆ ನಡೆಯುವ ವರ್ಷಗಳಲ್ಲೇ, 1875ರ ಹೊತ್ತಿಗೆ, ಅವರನ್ನು ಈಗಿನ ಒಕ್ಲಹೋಮಾಕ್ಕೆ ಸಾಗಿಸಲಾಯಿತು. ಅವಳು ಹೆದರಿಕೆಯಿಂದ, ಪೂರ್ವಗ್ರಹದಿಂದ ಬರೆದರೆ ಬರೆಯಲಿ, ಆ ಕಾಲದವಳು. ಆದರೆ ಸಾಮಾನು ಹೊತ್ತು ದಕ್ಷಿಣಕ್ಕೆ ಹೋಗುವ ಗುಂಪೊಂದನ್ನು ಅವಳು ನೋಡಲಿ, ಎಷ್ಟು ಕುದುರೆ, ಎಷ್ಟು ಮಕ್ಕಳು ಅಂತ ಬರೆದಿಡಲಿ. ಉಳಿದದ್ದು ಓದುಗರಿಗೆ ತಿಳಿಯುತ್ತದೆ.

ಚಿತ್ರ ಬೇಕಿದ್ದರೆ ಛಾಯಾಗ್ರಾಹಕ ಸಾಲಮನ್ ಬುಚರ್ 1886ರಿಂದ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ತೆಗೆದ ಹೆಂಟೆಮನೆಗಳ ಫೋಟೋ ಆನ್‌ಲೈನ್‌ನಲ್ಲೇ ಸಿಗುತ್ತವೆ. ಮುಖಗಳಿಗಿಂತ ಹಿಂದಿನ ಗೋಡೆ, ಅಂಗಳದಲ್ಲಿ ಇಟ್ಟ ಸಾಮಾನು ನೋಡಿ. ಆದರೆ ಅವು ನಿಮ್ಮ ಕಥೆಗಿಂತ ಹತ್ತು ಹನ್ನೆರಡು ವರ್ಷ ಈಚಿನವು, ಅಲ್ಲಿ ಕಂಡ ಗಾಳಿಯಂತ್ರ, ತಂತಿಬೇಲಿ ಎತ್ತಿ ತರಬೇಡಿ. ಮೊದಲು ಏಪ್ರಿಲ್, ಮೇ ತಿದ್ದಿ ಹಾಕಿ, ಬೇಸಿಗೆಯ ಪುಟಗಳನ್ನು ಆಮೇಲೆ ನೋಡೋಣ.