ಟಿವಿ ಡ್ಯಾನ್ಸ್ ಶೋಗಳಲ್ಲಿ ಭರತನಾಟ್ಯಕ್ಕೆ ನ್ಯಾಯ ಸಿಗುತ್ತಾ?
ಹುಬ್ಬಳ್ಳಿಯಲ್ಲಿ ಭರತನಾಟ್ಯ ಕಲಿಯುತ್ತಿರುವ ಮಗಳನ್ನು ಟಿವಿ ಶೋ ಆಡಿಷನ್‌ಗೆ ಕಳಿಸಬಹುದಾ, ಅಲ್ಲಿ ಶಾಸ್ತ್ರೀಯ ನೃತ್ಯಕ್ಕೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಬೆಲೆ ಇದೆ, ಜಾಗ ಕಡಿಮೆ.

ದೊಡ್ಡ ತೊಂದರೆ ಸಮಯದ್ದು. ಭರತನಾಟ್ಯ ಕಾರ್ಯಕ್ರಮದ ಮುಖ್ಯ, ದೀರ್ಘ ನೃತ್ಯವಾದ ವರ್ಣವನ್ನು ಪೂರ್ತಿ ಮಾಡಲು ಅರ್ಧ ಗಂಟೆಯಾದರೂ ಬೇಕು. ಶೋಗಳಲ್ಲಿ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಮೊದಲು ಕತ್ತರಿ ಬೀಳುವುದು ಅಭಿನಯಕ್ಕೆ. ವರ್ಣದಲ್ಲಿ ನಾಯಕನನ್ನು ಕರೆಯುವ ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ ಹಾಡುತ್ತಾರೆ. ನರ್ತಕಿ ಅದನ್ನೇ ಒಮ್ಮೆ ಬೇಡಿಕೆಯಾಗಿ, ಒಮ್ಮೆ ಮುನಿಸಾಗಿ, ಒಮ್ಮೆ ಹಳೆಯ ನೆನಪಾಗಿ ತೋರಿಸುತ್ತಾಳೆ. ಇದು ಸಂಚಾರಿ. ನನ್ನ ಪ್ರಕಾರ ಭರತನಾಟ್ಯದ ಜೀವ ಇರುವುದೇ ಇಲ್ಲಿ. ಟಿವಿಯಲ್ಲಿ ಹೆಚ್ಚಾಗಿ ಉಳಿಯುವುದು ವೇಗದ ಜತಿ (ತಾಳದ ಸೊಲ್ಲುಗಳಿಗೆ ಹಾಕುವ ಹೆಜ್ಜೆ), ಗಿರಕಿ, ಜಿಗಿತ. ಅದರಲ್ಲೂ ಪಾದ ತಟ್ಟುವ ಹೊತ್ತಿಗೆ ಕ್ಯಾಮೆರಾ ತೀರ್ಪುಗಾರರ ಮುಖಕ್ಕೆ ಹೋದರೆ ಅರೆಮಂಡಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಭಂಗಿ, ಕಾಣುವುದೇ ಇಲ್ಲ!

ಇನ್ನು ಬೆರಕೆ. ಕಥಕ್ ನೆಟ್ಟಗೆ ನಿಂತು ಮಾಡುವ ನೃತ್ಯ, ಭರತನಾಟ್ಯ ಮಂಡಿ ಬಾಗಿಸಿ ಮಾಡುವಂಥದ್ದು. ಎರಡನ್ನೂ ಸಿನಿಮಾ ಹಾಡಿಗೆ ಸೇರಿಸಿದರೆ ತಪ್ಪಿಲ್ಲ, ಆದರೆ ಅದನ್ನು ಫ್ಯೂಷನ್ ಅಂತಲೇ ಕರೆಯಬೇಕು.

ಮಗಳಿಗೆ ಆಸೆ ಇದ್ದರೆ ಕಳಿಸಿ, ಸಭಾಕಂಪ ಹೋಗುತ್ತದೆ. ಶೋಗೋಸ್ಕರ ವರ್ಣದ ಪಾಠ ಮಾತ್ರ ನಿಲ್ಲಿಸಬೇಡಿ. ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲ್‌ನಲ್ಲೋ ಧಾರವಾಡದ ಸೃಜನಾ ರಂಗಮಂದಿರದಲ್ಲೋ ನೃತ್ಯ ಕಾರ್ಯಕ್ರಮ ಇದ್ದಾಗ ಕರೆದುಕೊಂಡು ಹೋಗಿ, ಮುಂದಿನ ಸಾಲಲ್ಲೇ ಕೂರಿಸಿ.