ಎಪ್ಪತ್ತು ಮೇಲ್ಮಿತಿ ಅಷ್ಟೇ

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ‘ವೇಗ 20 ಕಿ.ಮೀ.’ ಎಂದು ಬೋರ್ಡು ಹಾಕಿ, ಸಿಮೆಂಟಿನ ಹಂಪ್ ಕಟ್ಟಿಸಿದ್ದಾರೆ. ಎದುರುಮನೆಯ ಹುಡುಗ ಮಾತ್ರ ‘ಊರೊಳಗೆ ಕಾರಿಗೆ 70ರವರೆಗೆ ಬಿಟ್ಟಿದ್ದಾರೆ, ನಿಮ್ಮ ಬೋರ್ಡು ನಡೆಯುವುದಿಲ್ಲ’ ಎನ್ನುತ್ತಾನೆ. ಯಾರ ಮಾತು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಅಂಕಿಯನ್ನು ಆತ ಸರಿಯಾಗಿಯೇ ಹೇಳಿದ್ದಾನೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಪುರಸಭೆ, ನಗರಪಾಲಿಕೆಗಳ ವ್ಯಾಪ್ತಿಯಲ್ಲಿ ಕಾರಿಗೆ 70, ಬೈಕಿಗೆ 60, ಆಟೋಗೆ 50 ಕಿ.ಮೀ. ಎಂದಿದೆ. ಆದರೆ ಅದು ದಾಟಬಾರದ ಗೆರೆ. ರಿಂಗ್ ರೋಡಿಗೂ ನಿಮ್ಮ ಹಾಲಿನ ಬೂತಿನ ಅಡ್ಡರಸ್ತೆಗೂ ಒಂದೇ ವೇಗ ಸಾಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಸಾರ್ವಜನಿಕರ ಸುರಕ್ಷತೆಗಾಗಿ ಅಥವಾ ರಸ್ತೆಯ ಸ್ವರೂಪ ನೋಡಿ ಇನ್ನೂ ಕಡಿಮೆ ಮಿತಿ ಗೊತ್ತುಮಾಡಲು ಮೋಟಾರು ವಾಹನ ಕಾಯ್ದೆಯ 112ನೇ ಕಲಮು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಅಧಿಕಾರ ಕೊಟ್ಟಿದೆ. ಅದಕ್ಕೆ ಅಧಿಸೂಚನೆ ಬೇಕು, ನಿಯಮದ ಪ್ರಕಾರ ಫಲಕವೂ ಬೇಕು. ಸಂಘದ ಬೋರ್ಡಿಗೆ ಈ ಬಲವಿಲ್ಲ.

ಹಾಗೆಂದು ಆ ಹುಡುಗ ನಿಮ್ಮ ಬೀದಿಯಲ್ಲಿ 70ರಲ್ಲಿ ಬಂದರೆ ಬಚಾವಾಗುವುದಿಲ್ಲ. 184ನೇ ಕಲಮು ಜಾಗದ ಸ್ಥಿತಿ, ಬಳಕೆ, ಅಲ್ಲಿನ ಸಂಚಾರ ಎಲ್ಲವನ್ನೂ ನೋಡಿ ಅಪಾಯಕಾರಿ ಚಾಲನೆಯನ್ನು ತೀರ್ಮಾನಿಸುತ್ತದೆ. ಬೋರ್ಡು ಇದ್ದರೂ ಇಲ್ಲದಿದ್ದರೂ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಒಂದು ಸರಳ ಲೆಕ್ಕ. ಚೆಂಡಿನ ಹಿಂದೆ ಮಗುವೊಂದು 14 ಮೀಟರ್ ಮುಂದೆ ರಸ್ತೆಗೆ ಓಡಿಬಂತು ಎನ್ನಿ. ಕಣ್ಣು ಕಂಡು ಕಾಲು ಬ್ರೇಕ್ ಮೇಲೆ ಬೀಳುವುದಕ್ಕೆ ಒಂದು ಸೆಕೆಂಡು. 30ರ ವೇಗದ ಕಾರು ಅಷ್ಟರಲ್ಲಿ 8 ಮೀಟರ್ ಸಾಗಿ, ಒಣ ರಸ್ತೆಯಲ್ಲಿ ಇನ್ನೊಂದು 5 ಮೀಟರಿಗೆ ನಿಲ್ಲುತ್ತದೆ, ಮಗು ಉಳಿಯುತ್ತದೆ. 50ರಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿಯುವ ಮೊದಲೇ ಕಾರು ಮಗುವನ್ನು ಮುಟ್ಟಿರುತ್ತದೆ. ಜನ, ಸೈಕಲ್ಲು, ವಾಹನ ಒಟ್ಟಿಗೆ ಓಡಾಡುವ ಕಡೆ 30 ಸಾಕು ಎಂದು 2020ರಲ್ಲಿ ಸ್ಟಾಕ್‌ಹೋಮ್‌ನ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ ಘೋಷಿಸಿದ್ದೂ ಇದೇ ಕಾರಣಕ್ಕೆ.

ಹಂಪ್ ವಿಷಯದಲ್ಲಿ ನಾನು ನಿಮ್ಮ ಸಂಘದ ಪರ ನಿಲ್ಲಲಾರೆ. ರಸ್ತೆಗಳ ಮಾನದಂಡ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಲ್ಲಿ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಮಾತ್ರ ಎತ್ತರ. ಸುಮಾರು 25 ಕಿ.ಮೀ. ವೇಗದಲ್ಲಿ ದಾಟುವಂಥದ್ದು. ಮೇಸ್ತ್ರಿ ಕೈಲಿ ಕಟ್ಟಿಸಿದ ಗಿಡ್ಡ ಗೋಡೆಯಂಥ ಹಂಪಿಗೆ ಬಣ್ಣವೂ ಇಲ್ಲದಿದ್ದರೆ, ರಾತ್ರಿ ಸ್ಕೂಟರಿನ ಹಿಂದೆ ಕೂತವರು ಬೀಳುತ್ತಾರೆ. ದಯವಿಟ್ಟು ಅದನ್ನು ತೆಗೆಸಿ.

ಸಂಚಾರ ಪೊಲೀಸರಿಗೂ ಪಾಲಿಕೆಗೂ ಲಿಖಿತ ಅರ್ಜಿ ಕೊಡಿ. ರಸ್ತೆಯ ಅಗಲ, ಶಾಲೆ ಬಿಡುವ ಹೊತ್ತು, ಕುರುಡು ತಿರುವು ಎಲ್ಲಿದೆ ಎಂಬುದನ್ನು ನಕ್ಷೆಯ ಸಮೇತ ಬರೆದು, ಅಧಿಸೂಚನೆಯನ್ನೂ ಸರಿಯಾದ ಅಳತೆಯ ಹಂಪನ್ನೂ ಕೇಳಿ. ಸಹಿ ಹಾಕಿಸುವಾಗ ಎದುರುಮನೆಗೂ ಹೋಗಿ. ಆ 14 ಮೀಟರ್ ಎಷ್ಟು ದೂರವೆಂದು ಅವನ ಗೇಟಿನಿಂದಲೇ ಜೊತೆಗೆ ಹೆಜ್ಜೆ ಹಾಕಿ ಅಳೆದು ತೋರಿಸಿ.
– ಸಂಪಾದಕ